ಕಾಡುಬಾದಾಮಿ ಬೇಲಿ

ಕೇಪ್‌ಟೌನಿಗೆ ಹೋಗಿದ್ದಾಗ ಕರ್ಸ್ಟನ್‌ಬಾಷ್ ಸಸ್ಯೋದ್ಯಾನ ನೋಡಿದೆ. ದಕ್ಷಿಣ ಆಫ್ರಿಕಾದ ಮೂಲದ ಗಿಡಗಳಿಗೇ ಹೆಸರಾದ ತೋಟ. ಪ್ರೋಟಿಯಾ ಹೂಗಳ ಮುಂದೆ ಎಲ್ರೂ ಸೆಲ್ಫಿ ತಗೋತಿದ್ರು. ನನ್ನ ಕಾಲು ನಿಂತಿದ್ದು ಒಂದು ಹಳೇ ಬೇಲಿ ಹತ್ರ.

ಕಾಡುಬಾದಾಮಿ ಬೇಲಿ. 1660ರಲ್ಲಿ ಡಚ್ ಕಂಪನಿಯ ಯಾನ್ ವಾನ್ ರೀಬೀಕ್ ನೆಡಿಸಿದ್ದು. ಒಂದಷ್ಟು ಭಾಗ ಇನ್ನೂ ಹಸಿರಾಗೇ ಇದೆ. ಯಾಕೆ ನೆಡಿಸಿದ? ಆ ನೆಲದಲ್ಲೇ ದನ ಮೇಯಿಸ್ಕೊಂಡಿದ್ದ ಖೋಯ್‌ಖೋಯ್ ಜನ ಒಳಗೆ ಬರಬಾರದು ಅಂತ. ತಮಾಷೆ ಅಂದ್ರೆ ಆ ಗಿಡವೂ ಅಲ್ಲಿಯದೇ! ಅದರ ಕಹಿ, ವಿಷದ ಬೀಜವನ್ನ ನೆನೆಸಿ ಹುರಿದು ತಿನ್ನೋದು ಆ ಜನಕ್ಕೆ ಗೊತ್ತಿತ್ತು. ನಮ್ಮ ಕೇರಿಯ ಕಳ್ಳಿಬೇಲಿ ನೆನಪಾಯ್ತು.

ತೋಟ ಶುರುವಾದದ್ದು 1913ರಲ್ಲಿ. ಅದೇ ವರ್ಷ ನೇಟಿವ್ಸ್ ಲ್ಯಾಂಡ್ ಆ್ಯಕ್ಟ್ ಬಂತು. ಕಪ್ಪು ಜನ ನೆಲ ಕೊಳ್ಳಬಹುದಾಗಿದ್ದು ದೇಶದ ಸುಮಾರು ಶೇ. 7 ಭಾಗದಲ್ಲಿ ಮಾತ್ರ. ಆ ಕಾಯ್ದೆ ತೆಗೆಯೋಕೆ 1991ರವರೆಗೆ ಕಾಯಬೇಕಾಯ್ತು.