ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತಾ? ಇಂಪ್ಲಾಂಟ್ ಜೀವನಪೂರ್ತಿ ಬಾಳುತ್ತಾ?

ಹಲ್ಲಿನ ಬಗ್ಗೆ ನಮ್ಮ ಫೋನಿಗೆ ಬರುವ ಮೆಸೇಜುಗಳು ಎರಡು ಥರ. ಒಂದು ಹೆದರಿಸುತ್ತದೆ: ‘ಮೇಲಿನ ಹಲ್ಲು ಕೀಳಿಸಬೇಡಿ, ಕಣ್ಣಿನ ನರ ಹೋಗುತ್ತದೆ’. ಇನ್ನೊಂದು ಆಸೆ ಹುಟ್ಟಿಸುತ್ತದೆ: ‘ಮೂರೇ ದಿನದಲ್ಲಿ ಹೊಸ ಹಲ್ಲು, ಜೀವನಪೂರ್ತಿ ಗ್ಯಾರಂಟಿ’. ಫಾರ್ವರ್ಡ್ ಮಾಡುವ ಮೊದಲು ಎರಡನ್ನೂ ಸ್ವಲ್ಪ ನೋಡೋಣ.

ಕಣ್ಣಿನ ಮಾತು ಸುಳ್ಳು. ಹಲ್ಲು ನೋವನ್ನು ಮಿದುಳಿಗೆ ತಲುಪಿಸುವುದು ಟ್ರೈಜೆಮಿನಲ್ ಎಂಬ ನರದ ಕವಲುಗಳು. ದೃಷ್ಟಿಯ ನರವೇ ಬೇರೆ. ಅದು ಕಣ್ಣುಗುಡ್ಡೆಯ ಹಿಂದಿನಿಂದ ಮಿದುಳಿಗೆ ಹೋಗುತ್ತದೆ, ಹಲ್ಲಿನ ಬೇರಿಗೆ ತಾಗುವುದಿಲ್ಲ. ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಹಲ್ಲು ಅಲುಗಾಡುವ ವಯಸ್ಸಿನಲ್ಲೇ ಕಣ್ಣಿಗೆ ಪೊರೆಯೂ ಬರುತ್ತದೆ. ಒಂದಾದ ಮೇಲೊಂದು ಆದದ್ದಕ್ಕೆ ಮೊದಲಿನದೇ ಕಾರಣ ಅಂದುಕೊಳ್ಳುವುದು ಸಹಜ. ಮರಗಟ್ಟಿಸುವ ಇಂಜೆಕ್ಷನ್‌ನಿಂದ ತೀರಾ ಅಪರೂಪಕ್ಕೆ ಸ್ವಲ್ಪ ಹೊತ್ತು ದೃಷ್ಟಿ ಮಂಜಾಗುವುದು, ಒಂದು ಎರಡಾಗಿ ಕಾಣುವುದು ಉಂಟು. ಮದ್ದಿನ ಪರಿಣಾಮ ಇಳಿದ ಮೇಲೆ ಸಾಮಾನ್ಯವಾಗಿ ಅದೂ ಸರಿಹೋಗುತ್ತದೆ.

ನಿಜವಾದ ಅಪಾಯ ಇರುವುದು ಕೀಳಿಸದೆ ಬಿಡುವುದರಲ್ಲಿ. ಮೇಲಿನ ಹಲ್ಲಿನ ಬುಡದ ಕೀವು ಕಣ್ಣಿನ ಗೂಡಿನವರೆಗೂ ಹಬ್ಬಬಹುದು. ಕೆಳದವಡೆಯದು ಗಂಟಲಿಗೆ ಇಳಿದು ಉಸಿರನ್ನೇ ಕಟ್ಟಿಸಬಹುದು. ಜ್ವರದ ಜೊತೆ ಕಣ್ಣಿನ ಸುತ್ತ ಊತ, ನುಂಗಲು ಕಷ್ಟ, ಬಾಯಿ ತೆರೆಯಲು ಆಗದಿರುವುದು – ಇವು ಕಂಡರೆ ಲವಂಗ ಇಟ್ಟುಕೊಂಡು ಬೆಳಗಿನವರೆಗೆ ಕಾಯಬೇಡಿ. ದೊಡ್ಡ ಆಸ್ಪತ್ರೆಗೆ ನಮ್ಮವರು ಹೋಗುವುದು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ. ಭಟ್ಕಳದಿಂದ ಮಣಿಪಾಲವೇ ಸುಮಾರು 90 ಕಿ.ಮೀ. ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ 2022ರ ಜುಲೈನಲ್ಲಿ ಶಿರೂರು ಟೋಲ್ ಗೇಟಿನಲ್ಲಿ ಅಪಘಾತವಾದದ್ದನ್ನು ಯಾರೂ ಮರೆತಿಲ್ಲ. ಹಗಲಲ್ಲೇ, ಊತ ಸಣ್ಣದಿರುವಾಗಲೇ ಹೊರಡುವುದು ಒಳ್ಳೆಯದು.

ಇನ್ನು ಇಂಪ್ಲಾಂಟ್. ದವಡೆ ಮೂಳೆಯೊಳಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುವ ಚಿಕಿತ್ಸೆ ಇದು. ಟೈಟಾನಿಯಂ ಮೂಳೆಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು 1950ರ ದಶಕದಲ್ಲಿ ಗಮನಿಸಿದವರು ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್. 1965ರಲ್ಲಿ ಅವರು ಇಂಪ್ಲಾಂಟ್ ಹಾಕಿದ ಮೊದಲ ರೋಗಿ ಯೋಸ್ಟಾ ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ 40 ವರ್ಷ, ಅವನ್ನು ಬಳಸಿದರು.

ಎಲ್ಲರಿಗೂ ಹೀಗೇ ಆಗುತ್ತಾ? ಹತ್ತು ವರ್ಷದ ನಂತರವೂ ಬಾಯಲ್ಲಿ ಉಳಿದ ಇಂಪ್ಲಾಂಟ್‌ಗಳು ಶೇ. 95ರ ಆಸುಪಾಸು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಾಮರ್ಶೆಗಳು ಹೇಳುತ್ತವೆ. ಒಳ್ಳೆಯ ಅಂಕಿಯೇ. ಆದರೆ ‘ಉಳಿದಿದೆ’ ಬೇರೆ, ‘ಆರೋಗ್ಯವಾಗಿದೆ’ ಬೇರೆ. ಜಾಹೀರಾತು ಇವೆರಡನ್ನೂ ಒಂದೇ ಮಾಡಿಬಿಡುತ್ತದೆ. ಇಂಪ್ಲಾಂಟ್ ಸುತ್ತಲಿನ ಒಸಡು ಕೆಟ್ಟು ಮೂಳೆ ಸವೆಯುವ ಪೆರಿ-ಇಂಪ್ಲಾಂಟೈಟಿಸ್ ಎಂಬ ತೊಂದರೆ ಸುಮಾರು ಐದರಲ್ಲಿ ಒಬ್ಬರಿಗೆ ಇದೆ ಎಂದು 2015ರ ಒಂದು ಪರಾಮರ್ಶೆ ಅಂದಾಜಿಸಿತ್ತು. ಧೂಮಪಾನಿಗಳಲ್ಲಿ ಇಂಪ್ಲಾಂಟ್ ಸೋಲುವ ಸಾಧ್ಯತೆ ಸುಮಾರು ಎರಡು ಪಟ್ಟು. ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ ಅದೊಂದೇ ಅಡ್ಡಿಯಲ್ಲ. ಹತೋಟಿ ತಪ್ಪಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಬೇಕು. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ದಂತವೈದ್ಯರಿಗೆ ಹೇಳಲೇಬೇಕು. ನೀವೇ ನಿಲ್ಲಿಸಬೇಡಿ.

‘ಮೂರು ದಿನ’ದ ಮಾತಿಗೆ ಬೇಗ ಸಿಕ್ಕಿಬೀಳುವವರು ಗಲ್ಫ್‌ನಿಂದ ಒಂದು ತಿಂಗಳ ರಜೆಗೆ ಬಂದವರು. ಭಟ್ಕಳ, ಹೊನ್ನಾವರದ ಕಡೆ ಇಂಥವರಿಲ್ಲದ ಓಣಿ ಹುಡುಕಬೇಕು! ಸ್ಕ್ರೂ ಮೂಳೆಗೆ ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಮೂಳೆ ಗಟ್ಟಿಯಿದ್ದು, ಸ್ಕ್ರೂ ಬಿಗಿಯಾಗಿ ಕೂತ ಕೆಲವರಿಗೆ ಮಾತ್ರ ಬೇಗ ಹಲ್ಲು ಕೂರಿಸಬಹುದು, ಅದೂ ಹೆಚ್ಚಾಗಿ ತಾತ್ಕಾಲಿಕ ಹಲ್ಲು. ಈ ರಜೆಯಲ್ಲಿ ಸ್ಕ್ರೂ, ಮುಂದಿನ ರಜೆಯಲ್ಲಿ ಹಲ್ಲು ಎಂದು ಇಟ್ಟುಕೊಂಡರೆ ಅವಸರವಿಲ್ಲ. ಹೊರಡುವಾಗ ಇಂಪ್ಲಾಂಟ್‌ನ ಕಂಪನಿ, ಮಾಡೆಲ್, ಅಳತೆ ಬರೆದ ಕಾರ್ಡ್ ಮತ್ತು ಎಕ್ಸ್-ರೇ ಕೇಳಿ ಪಡೆಯಿರಿ, ಫೋಟೋ ತೆಗೆದು ಮನೆಯವರಿಗೂ ಕಳಿಸಿ. ಕಂಪನಿಯಿಂದ ಕಂಪನಿಗೆ ಬಿಡಿಭಾಗ ಬೇರೆ; ಕಾರ್ಡ್ ಇಲ್ಲದಿದ್ದರೆ ದುಬೈನ ಡಾಕ್ಟರಿಗೆ ಒಂದು ಸಡಿಲ ಸ್ಕ್ರೂ ಬಿಗಿ ಮಾಡುವುದೂ ತಲೆನೋವು.

ನಮ್ಮ ಕಡೆ ಹೇಳಲೇಬೇಕಾದದ್ದು ಕವಳದ ವಿಷಯ. ತಂಬಾಕು ಹಾಕದಿದ್ದರೆ ಏನೂ ಆಗಲ್ಲ ಅನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಐಎಆರ್‌ಸಿ 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದಿದೆ. ಅಡಿಕೆ ತೋಟವೇ ಬದುಕಾದ ಊರಿನಲ್ಲಿ ಇದು ಕಹಿ ಮಾತು, ಗೊತ್ತು. ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆಯ ಒಳಭಾಗ ಬಿಳಿಚಿ, ಬಿಗಿದು, ಖಾರ ತಿಂದರೆ ಉರಿಯುತ್ತದೆ. ಕೊನೆಗೆ ಬಾಯಿಯೇ ತೆರೆಯುವುದಿಲ್ಲ. ಬಾಯಿ ತೆರೆಯದವರಿಗೆ ಇಂಪ್ಲಾಂಟ್ ಇರಲಿ, ಹಲ್ಲು ಕೀಳುವುದೂ ಕಷ್ಟ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ-ಕೆಳಗಿನ ಮುಂಹಲ್ಲುಗಳ ನಡುವೆ ತೂರಿಸಿ ನೋಡಿ. ತೂರದಿದ್ದರೆ, ಅಥವಾ ಬಾಯಿಹುಣ್ಣು ಎರಡು-ಮೂರು ವಾರವಾದರೂ ಮಾಯದಿದ್ದರೆ, ಹಲ್ಲು ಕಟ್ಟಿಸುವ ಮಾತು ಬದಿಗಿಟ್ಟು ಮೊದಲು ಅದನ್ನು ತೋರಿಸಿ. ಈ ಪರೀಕ್ಷೆಗೆ ಹತ್ತು ಸೆಕೆಂಡ್ ಸಾಕು. ಮನೆಯಲ್ಲಿ ಕವಳ ಹಾಕುವ ಅಜ್ಜ-ಅಮ್ಮಮ್ಮನಿಗೂ ಇವತ್ತೇ ಮಾಡಿಸಿ.