ಯಾರ ಮೇಲೆ ರೇಗುವುದು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಸಿಟ್ಟಿಗೆ ಪದಗಳ ಬರವಿಲ್ಲ. ಕ್ವಾಪ ಬರುತ್ತೆ, ಮೈ ಉರಿಯುತ್ತೆ, ಪಿತ್ತ ನೆತ್ತಿಗೇರುತ್ತೆ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ 'ರೇಗು'. ಕೋಪವೂ ಸಿಟ್ಟೂ 'ಬರುತ್ತವೆ'. ನನಗೆ ಕೋಪ ಬಂತು ಎಂದವನು ಅರ್ಧ ಹೊಣೆಯನ್ನು ಕೋಪದ ತಲೆಗೇ ಕಟ್ಟಿರುತ್ತಾನೆ. ರೇಗುವುದರಲ್ಲಿ ಆ ಸೌಲಭ್ಯ ಕಡಿಮೆ. 'ನನಗೆ ರೇಗಿತು' ಎನ್ನಬಹುದಾದರೂ, ಒಬ್ಬರ ಮೇಲೆ ಕೂಗಾಡಿದ್ದನ್ನು 'ನಾನು ರೇಗಿದೆ' ಎಂದೇ ಹೇಳಬೇಕು. ಹೇಳಿದೊಡನೆ, ಯಾರ ಮೇಲೆ ಎಂದು ಕೇಳುತ್ತಾರೆ.

ತೆಲುಗಿನಲ್ಲೂ ಈ ಪದವಿದೆ. ಅಲ್ಲಿ ಧೂಳು ರೇಗುತ್ತದೆ, ಬೆಂಕಿ ರೇಗುತ್ತದೆ, ಆರುತ್ತಿದ್ದ ಹುಣ್ಣೂ ರೇಗುತ್ತದೆ. ನಮ್ಮಲ್ಲಿ ಅದು ಹೆಚ್ಚಾಗಿ ಮನುಷ್ಯರಿಗೇ ಅಂಟಿಕೊಂಡಿತು. ಮಳೆ ಕೈಕೊಟ್ಟಾಗ 'ಮಳೆರಾಯ ಮುನಿಸಿಕೊಂಡ' ಎನ್ನುತ್ತೇವೆಯೇ ಹೊರತು ರೇಗಿದ ಎನ್ನುವುದಿಲ್ಲ. ಮುನಿಸು ಎಂದರೆ ಮಾತು ಬಿಟ್ಟು ಕೂರುವ ಕೋಪ. ಓಲೈಸಿದರೆ ಕರಗೀತೆಂಬ ಆಸೆ ಅದರೊಳಗಿದೆ, ಹಾಗಾಗಿ ದೇವರಿಗೂ ಒಪ್ಪುತ್ತದೆ, ಪ್ರೇಮಿಗಳಿಗೂ ಒಪ್ಪುತ್ತದೆ.

ರೇಗು ಮನೆಯೊಳಗಿನ ಮಾತು. ಮೊಮ್ಮಗಳನ್ನು ತಾತ 'ರೇಗಿಸಿದರೆ' ಅದು ಬರೀ ಅಕ್ಕರೆ. ಅಪ್ಪ ಮಗನ ಮೇಲೆ, ಅತ್ತೆ ಸೊಸೆಯ ಮೇಲೆ ರೇಗುವುದು ದಿನದ ಸಂಗತಿ. ಸೊಸೆ ರೇಗಿದರೆ ಮಾತ್ರ ಊರಿಗೆಲ್ಲ ಸುದ್ದಿ. ಈ ಪದ ಸಾಮಾನ್ಯವಾಗಿ ಮೇಲಿನಿಂದ ಕೆಳಗೆ ಹರಿಯುತ್ತದೆ.

ನಮ್ಮ ಈ ಕೊಬ್ಬರಿ ಸೀಮೆಯಲ್ಲಿ ಹೀಗೆ ಕೆಳಗೆ ಹರಿಯುವ ರೇಗಿನ ನೋವು ಹೆಚ್ಚು. ತೆಂಗಿನಕಾಯಿ ಅಟ್ಟದ ಮೇಲೆ ಒಂದು ವರ್ಷದ ಹತ್ತಿರ ಕೂತಿರಬೇಕು. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟು ಲೊಡಲೊಡ ಎಂದಾಗಲೇ ಅದು ಉಂಡೆ ಕೊಬ್ಬರಿ. 2023ರಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಅಷ್ಟು ದಿನ ಕಾದವನು ಯಾರ ಮೇಲೆ ರೇಗಬೇಕು? ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವ ಟೆಂಡರಿಗೆ ಮುಖವಿಲ್ಲ. ಎದುರಿಗೆ ಸಿಗುವವರು ತಟ್ಟೆ ಇಟ್ಟ ಹೆಂಡತಿ, ಫೀಸು ಕೇಳಿದ ಮಗಳು. ಅದು ಅನ್ಯಾಯವೆಂದು ರೇಗಿದವನಿಗೂ ಗೊತ್ತು, ಅವರಿಗೂ ಗೊತ್ತು. ಬೆಲೆ ಕುಸಿತದ ಲೆಕ್ಕ ಬರೆಯುವವರು ಈ ಬಾಬತ್ತನ್ನು ಎಂದೂ ಸೇರಿಸಿಲ್ಲ.

ಆ ಬೆಲೆ ಕುಸಿತದ ವಿರುದ್ಧ ರೈತರು ತಿಪಟೂರಿನಲ್ಲಿ ಧರಣಿ ಕೂತ ದಿನಗಳಿಗೆ ಬೇರೆ ಪದವೇ ಬೇಕಾಯಿತು: ರೊಚ್ಚು. ರೊಚ್ಚಿಗೇಳುವುದು ಹೆಚ್ಚಾಗಿ ಗುಂಪಿನ ಕೆಲಸ. ಮನೆಯಲ್ಲಿ ದಾರಿ ತಪ್ಪಿದ್ದ ಸಿಟ್ಟು ಅಲ್ಲಿ ಸರಿಯಾದ ಬಾಗಿಲು ತಟ್ಟಿತು. ಬೆಂಬಲ ಬೆಲೆ ಹೆಚ್ಚಿಸಿ, ಖರೀದಿ ಕೇಂದ್ರ ತೆರೆಯಿರಿ, ಬೆಂಬಲ ಬೆಲೆಗೆ ಖರೀದಿಸುವ ನಾಫೆಡ್ ಸಂಸ್ಥೆ ನಮ್ಮ ಕೊಬ್ಬರಿ ಕೊಳ್ಳಲಿ ಎಂದು ಕೇಳಿತು.