ತೇಕುಮೆಲ್: ಒಂದು ಕಲ್ಪಿತ ಲೋಕದ ಚರಿತ್ರೆ

ಇಲ್ಲದ ರಾಜ್ಯವನ್ನು ಕಲ್ಪಿಸಿ ಅದರ ವೃತ್ತಾಂತವನ್ನು ಹೇಳುವುದು ಕವಿಗಳಿಗೆ ಹೊಸದಲ್ಲ. ಆದರೆ ಕೇಳುವವರೇ ಅಂತಹ ರಾಜ್ಯವನ್ನು ಹೊಕ್ಕು ಬಾಳುವ ಏರ್ಪಾಡು ಈಚಿನದು. ಅಮೆರಿಕದಲ್ಲಿ ಗೇರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ೧೯೭೪ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟದಿಂದ ಅದು ಪ್ರಸಿದ್ಧಿಗೆ ಬಂದಿತು. ನಾಲ್ಕಾರು ಮಂದಿ ಕುಳಿತು, ಒಬ್ಬನು ಯೋಧನಾಗಿ, ಮತ್ತೊಬ್ಬನು ಮಂತ್ರವಾದಿಯಾಗಿ, ತಾವು ಮಾಡುವುದನ್ನು ಮಾತಿನಲ್ಲಿಯೇ ಹೇಳುವರು. ಸೂತ್ರಧಾರನು ಅದರ ಫಲವನ್ನು ತಿಳಿಸುವನು. ಸಂದೇಹವುಂಟಾದಲ್ಲಿ ದಾಳವು ತೀರ್ಮಾನಿಸುವುದು. ನೆಲದಡಿಯ ಕತ್ತಲೆಕೋಣೆಗಳಲ್ಲಿ ನಿಧಿಯನ್ನು ಅರಸುವುದೇ ಇದರ ಮುಖ್ಯ ವ್ಯಾಪಾರ. ಆ ಕೋಣೆಗಳನ್ನು ಯಾರು, ಏತಕ್ಕೆ ಕಟ್ಟಿದರೆಂದು ಕೇಳುವ ಗೋಜು ಆಟಗಾರರಿಗೆ ಸಾಮಾನ್ಯವಾಗಿ ಇರಲಿಲ್ಲ.

ಆ ಪ್ರಶ್ನೆಗೆ ಉತ್ತರವನ್ನು ಕಲ್ಪಿಸಿದವನು ಎಂ. ಎ. ಆರ್. ಬಾರ್ಕರ್. ೧೯೨೯ರಲ್ಲಿ ಜನಿಸಿದ ಈತನು ತರುಣನಾಗಿ ಭಾರತಕ್ಕೆ ಬಂದು ಇಸ್ಲಾಂ ಮತವನ್ನು ಸ್ವೀಕರಿಸಿದನು. ಅಮೆರಿಕದ ಮೂಲನಿವಾಸಿಗಳ ಕ್ಲಾಮತ್ ಭಾಷೆಗೆ ನಿಘಂಟನ್ನೂ ವ್ಯಾಕರಣವನ್ನೂ ರಚಿಸಿದನು. ಉರ್ದು, ಬಲೂಚಿಗಳಿಗೆ ಪಾಠಪುಸ್ತಕಗಳನ್ನು ಸಿದ್ಧಪಡಿಸಿ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾದನು. ಬಾಲ್ಯದಿಂದ ಮನಸ್ಸಿನಲ್ಲಿ ಬೆಳೆಸಿಕೊಂಡು ಬಂದಿದ್ದ ತೇಕುಮೆಲ್ ಎಂಬ ಲೋಕವನ್ನು ೧೯೭೫ರಲ್ಲಿ ‘ಎಂಪೈರ್ ಆಫ್ ದಿ ಪೆಟಲ್ ಥ್ರೋನ್’ ಎಂಬ ಆಟದ ರೂಪದಲ್ಲಿ ಹೊರತಂದನು.

ತೇಕುಮೆಲ್ ದೂರದ ಭವಿಷ್ಯದಲ್ಲಿ ಮನುಷ್ಯರು ನೆಲಸಿದ ಗ್ರಹ. ಒಂದು ದಿನ ಅದರ ಆಕಾಶದಿಂದ ನಕ್ಷತ್ರಗಳೆಲ್ಲ ಅಳಿದುಹೋಗುವುವು; ಪೂರ್ವಜರ ಯಂತ್ರಗಳು ಕಾಲಕ್ರಮದಲ್ಲಿ ಮಂತ್ರಗಳೆನಿಸಿಕೊಳ್ಳುವುವು. ಲೋಹವು ದುರ್ಲಭವಾದುದರಿಂದ ಚ್ಲೆನ್ ಎಂಬ ಮೃಗದ ಚರ್ಮವನ್ನು ಹದಗೊಳಿಸಿ ಕವಚ ಖಡ್ಗಗಳನ್ನು ಮಾಡುವರು. ತ್ಸೋಲ್ಯಾನು, ಯಾನ್ ಕೋರ್, ಮುಉಗಲವ್ಯಾ, ಸಲಾರ್‌ವ್ಯಾ ಮೊದಲಾದ ರಾಜ್ಯಗಳು ಒಂದರ ಮೇಲೊಂದು ಹೊಂಚುಹಾಕುತ್ತಿರುವುವು. ತ್ಸೋಲ್ಯಾನುವಿನ ಚಕ್ರವರ್ತಿ ಅವಂತಾರ್ ಕೋಟೆಯನ್ನು ಬಿಟ್ಟು ಹೊರಬರುವಂತಿಲ್ಲ. ಪಟ್ಟಕ್ಕೆ ಸ್ಪರ್ಧಿಸಿ ಸೋತ ರಾಜಪುತ್ರರ ಗತಿಯೋ ಮರಣವೇ.

ಪಾತಾಳಗೃಹಗಳ ಕಾರಣವಂತೂ ಪುರಾತತ್ತ್ವಜ್ಞರು ಮೆಚ್ಚುವಂತಹುದು. ತ್ಸೋಲ್ಯಾನುವಿನಲ್ಲಿ ದಿತ್ಲಾನಾ ಎಂಬ ವಿಧಿಯಂತೆ ಐನೂರು ವರ್ಷಗಳಿಗೊಮ್ಮೆ ನಗರವನ್ನು ಕೆಡವಿ, ಅದರ ಮೇಲೆಯೇ ಹೊಸ ನಗರವನ್ನು ಕಟ್ಟುವರು. ಕೆಳಗುಳಿದ ಬೀದಿಗಳೂ ಗುಡಿಗಳೂ ಸಮಾಧಿಗಳೂ ಪದರಪದರವಾಗಿ ಕತ್ತಲೆಯಲ್ಲಿ ನಿಲ್ಲುವುವು. ಸಿಂಧೂ ಕಣಿವೆಯ ದಿಬ್ಬಗಳಲ್ಲಿ ಪಟ್ಟಣದ ಮೇಲೆ ಪಟ್ಟಣವನ್ನು ಕಂಡವರಿಗೆ ಇದು ಅಪರಿಚಿತವಲ್ಲ.

ಭಾಷೆಯಲ್ಲಿಯೂ ಅದೇ ಶ್ರದ್ಧೆ. ತ್ಸೋಲ್ಯಾನಿ ಭಾಷೆಗೆ ಲಿಪಿ, ವ್ಯಾಕರಣಗಳುಂಟು. ಎದುರಿಗಿರುವವನ ಅಂತಸ್ತಿಗೆ ತಕ್ಕಂತೆ ಮಧ್ಯಮಪುರುಷದ ಸರ್ವನಾಮವು ಹಲವು ರೂಪಗಳನ್ನು ತಾಳುವುದು. ನೀನು, ನೀವು, ತಾವು ಎಂಬ ಮೂರರಲ್ಲಿಯೇ ತಪ್ಪಿ ಮುಖ ಕೆಂಪಾಗಿಸಿಕೊಂಡವರಿಗೆ ಅಲ್ಲಿನ ಕಷ್ಟವು ಊಹ್ಯ. ಆಟಕ್ಕೆ ಹೊಸಬನು ಜಕಾಲ್ಲಾ ಬಂದರಿನಲ್ಲಿ ಪರದೇಶಿಯಾಗಿಯೇ ಇಳಿಯುವನು. ಮರ್ಯಾದೆ ತಪ್ಪಿದರೆ ಶೂಲ.

ಬಾರ್ಕರನು ೨೦೧೨ರಲ್ಲಿ ತೀರಿಕೊಂಡನು. ಆತನ ಕೃತಿಗಳನ್ನು ಕಾಪಾಡುವ ಪ್ರತಿಷ್ಠಾನವೇ ೨೦೨೨ರಲ್ಲಿ ಕಹಿಯಾದ ಸಂಗತಿಯೊಂದನ್ನು ಒಪ್ಪಿಕೊಂಡಿತು: ೧೯೯೧ರಲ್ಲಿ ಕೃತಕನಾಮದಿಂದ ಹೊರಬಂದ, ನಾಜಿ ಮತವನ್ನು ಎತ್ತಿಹಿಡಿಯುವ ‘ಸರ್ಪೆಂಟ್ಸ್ ವಾಕ್’ ಎಂಬ ಕಾದಂಬರಿಯು ಈತನದೇ. ಯಹೂದ್ಯರ ಸಾಮೂಹಿಕ ಹತ್ಯೆಯನ್ನು ಅಲ್ಲಗಳೆಯುವ ಪತ್ರಿಕೆಯೊಂದರ ಸಲಹಾಮಂಡಲಿಯಲ್ಲಿಯೂ ಈತನ ಹೆಸರಿದ್ದಿತು. ಇದು ಯೌವನದ ದುಡುಕಲ್ಲ. ಅರುವತ್ತು ದಾಟಿದ ವಿದ್ವಾಂಸನ ಬರಹ. ಪರರ ನುಡಿಗಳನ್ನು ಅಷ್ಟು ತಾಳ್ಮೆಯಿಂದ ಕಲಿತವನ ಎದೆಯಲ್ಲಿ ಪರಜನರ ದ್ವೇಷವು ಹೇಗೆ ಮನೆಮಾಡಿತೋ! ವಿದ್ಯೆಯು ಇದಕ್ಕೆ ಸಮಾಧಾನವಾಗಲಾರದು. ದಿತ್ಲಾನಾದ ಸೊಗಸನ್ನು ಮುಂದಿಟ್ಟು ಅಪರಾಧವನ್ನು ಮುಚ್ಚುವುದೂ ಸಲ್ಲದು. ಈಗ ಆ ಲೋಕದ ಚರಿತ್ರೆಯನ್ನು ಬರೆಯುವವರು ೧೯೭೫ರ ಪುಸ್ತಕದ ಪಕ್ಕದಲ್ಲಿ ೧೯೯೧ರ ಪುಸ್ತಕವನ್ನೂ ಇಟ್ಟುಕೊಂಡೇ ಬರೆಯಬೇಕಾಗಿದೆ.